ಮಘಿ ಮಳೆಗೆ ಅಕ್ಟೋಬರ್ ಎಂದದ್ದು

ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಕೆಲವು ತಿಂಗಳಿಂದ ಒಂದು ಕಾಗದದ ಚಕ್ರ ಅಂಟಿಕೊಂಡಿದೆ. ಅಂಟಿಸಿದವಳು ಮಗಳು ತನ್ವಿ. ಇಲ್ಲೇ ನ್ಯೂಜೆರ್ಸಿಯ ಕಾಲೇಜೊಂದರಲ್ಲಿ ಭಾಷಾಶಾಸ್ತ್ರ ಓದುತ್ತಾಳೆ. ಅದನ್ನು ಓದಿ ಮುಂದೇನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ನಾನು ಅವರ ತಟ್ಟೆಗೆ ಇನ್ನೊಂದು ಚಕ್ಕುಲಿ ಹಾಕಿ ಮಾತು ತಿರುಗಿಸುತ್ತೇನೆ. ಆ ಚಕ್ರವನ್ನು ಕಿತ್ತು ಬಿಸಾಡಬೇಕೆಂದು ಎರಡು ಸಲ ಕೈ ಹಾಕಿದ್ದುಂಟು, ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಹೇಳಬೇಕಾದರೆ ನಾನು ಮಾಡಿದ ಒಂದು ಕೆಲಸವನ್ನು ಹೇಳಬೇಕಾಗುತ್ತದೆ. ಅದೇನು ಹೆಮ್ಮೆಯ ಕೆಲಸವಲ್ಲ.

ಚಕ್ರದಲ್ಲಿರುವುದು ಹೈಸ್ಲಾ ಎಂಬ ಭಾಷೆಯ ತಿಂಗಳುಗಳು. ಕೆನಡಾದ ಪಶ್ಚಿಮ ಕರಾವಳಿಯಲ್ಲಿ, ಸಮುದ್ರವು ಬೆಟ್ಟಗಳ ನಡುವೆ ಉದ್ದಕ್ಕೆ ಒಳಸರಿದು ಬಂದ ಕಡೆ ಆ ಜನರ ಊರಿದೆಯಂತೆ. ಹುಟ್ಟಿನಿಂದ ಆ ಮಾತು ಬಲ್ಲವರು ಈಗ ಕೆಲವೇ ಹಿರಿಯರು. ಹೆಸರುಗಳನ್ನು ಇಲ್ಲಿ ಬರೆಯೋಣವೆಂದರೆ ಆ ಗಂಟಲಿನ ಸದ್ದುಗಳು ನನ್ನ ಅಕ್ಷರಮಾಲೆಗೆ ಸಿಕ್ಕುವುದಿಲ್ಲ, ತಪ್ಪು ಬರೆದು ಅವರ ಮಾತು ಕೆಡಿಸಲು ಮನಸ್ಸಿಲ್ಲ. ಅರ್ಥ ಮಾತ್ರ ಸಲೀಸು. ಅಲ್ಲಿ ತಿಂಗಳೆಂದರೆ ಏನು ಬರುತ್ತದೋ ಅದು. ಚಳಿ ಹಿಂದೆ ಸರಿಯುವಾಗ ನದಿಗೆ ಊಲಿಕನ್ ಎಂಬ ಗೇಣುದ್ದದ ಮೀನು ಏರಿ ಬರುತ್ತದೆ. ಮೈತುಂಬ ಕೊಬ್ಬು, ಒಣಗಿಸಿ ಕಡ್ಡಿ ಗೀರಿದರೆ ದೀಪವಾಗಿ ಉರಿಯುವಷ್ಟು. ಆಗ ಎಲ್ಲರೂ ಸೇರಿ ಅದರ ಎಣ್ಣೆ ತೆಗೆಯುವುದು. ಆಮೇಲೆ ಕಾಡಿನ ಹಣ್ಣುಗಳ ಕಾಲ, ಹೀಗೆ.

"ಮೀನು ತಡವಾಗಿ ಬಂದರೆ ತಿಂಗಳೂ ತಡವಾಗಿ ಬರುತ್ತೇನೇ?" ಎಂದು ಕೇಳಿದ್ದೆ.

"ಐ ಡೋಂಟ್ ನೋ ಅಮ್ಮ. ಅವರನ್ನೇ ಕೇಳಬೇಕು," ಎಂದಳು ತನ್ವಿ.

ಆಗ ಸೆಪ್ಟೆಂಬರ್ ಶುರುವಾಗಿತ್ತು. ನಮ್ಮ ಜೊತೆಗಿರುವ ನನ್ನ ಅವ್ವ, ಎಪ್ಪತ್ತೆಂಟರ ಹೆಂಗಸು, ಹಾಲು ತೆಗೆಯಲು ಬಂದವಳು ಚಕ್ರದ ಮುಂದೆ ನಿಂತಳು. ಅವ್ವ ಗದಗಿನ ಕಡೆಯವಳು, ಎರೆಹೊಲದ ಮನೆತನ. ಅಪ್ಪ ಹೋದ ಮೇಲೆ ಇಲ್ಲಿಗೆ ಬಂದು ನಾಲ್ಕು ವರ್ಷ. ನಾನೊಬ್ಬಳೇ ಮಗಳು.

"ಏನವಾ ಇದು, ಗಾಲಿ ಬರದಿಯಲ್ಲ?"

ತನ್ವಿ ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆಯಲ್ಲಿ ವಿವರಿಸಿದಳು. ನಾನು ಉಳಿದದ್ದನ್ನು ತುಂಬಿದೆ. ಅವ್ವನಿಗೆ ಅರೆ ನಿಮಿಷವೂ ಹಿಡಿಯಲಿಲ್ಲ.

"ಮೀನ ಬಂದಾಗ ಒಂದ ತಿಂಗಳು, ಹಣ್ಣ ಬಂದಾಗ ಒಂದ ತಿಂಗಳು ಅಂತಾರ. ಇದ್ರಾಗ ತಿಳೀಲಾರದ್ದೇನೈತಿ? ನಮ್ಮಂಗ ದುಡಕೊಂಡ ತಿನ್ನೂ ಮಂದಿ ಅವರು," ಎಂದಳು.

ಅಷ್ಟು ಹೇಳಿ ಕುರ್ಚಿ ಎಳೆದುಕೊಂಡು ಕೂತು, ಮೊಮ್ಮಗಳ ಫೋನಿನ ಮುಂದೆ ತನ್ನ ಮಳೆಗಳನ್ನು ಹೇಳಿದಳು. ರೋಹಿಣಿ, ಮಿರಗ, ಆದ್ರಿ, ಪುನರ್ವಸು, ಪುಷ್ಯ, ಆಸಲಿ, ಮಘಿ, ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ, ಸ್ವಾತಿ. ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಯಾವ ಮಳೆಗೆ ಏನು ಬಿತ್ತುವುದು, ಯಾವ ಮಳೆ ನಂಬಿಸಿ ಕೈಕೊಡುತ್ತದೆ, ಯಾವುದರಲ್ಲಿ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಎಲ್ಲವೂ ಬಂತು. ಹುಣ್ಣಿಮೆಗಳನ್ನೂ ಸೇರಿಸಿದಳು. ಕಾರಹುಣ್ಣಿಮೆ, ಕಡಲೆಗಡಬಿನ ಹುಣ್ಣಿಮೆ, ನೂಲಹುಣ್ಣಿಮೆ, ಶೀಗಿಹುಣ್ಣಿಮೆ. ಒಂದು ಹೆಸರೂ ತಪ್ಪಲಿಲ್ಲ, ಒಂದೂ ಹಿಂದುಮುಂದಾಗಲಿಲ್ಲ. ತನ್ವಿ ಇದನ್ನೂ ಒಂದು ಚಕ್ರ ಮಾಡುತ್ತೇನೆಂದು ಕುಣಿದಳು. ನಾನು ಪಾತ್ರೆ ತೊಳೆಯುತ್ತ, ಇಂಥ ತಲೆಗೆ ಏನಾಗಿದ್ದೀತು ಎಂದು ಸಮಾಧಾನಪಟ್ಟುಕೊಂಡೆ. ಸಮಾಧಾನ ಯಾಕೆ ಬೇಕಿತ್ತು ಎಂದರೆ, ಆಗಲೇ ನನಗೆ ಒಳಗೊಳಗೇ ಹೆದರಿಕೆ ಹೊಕ್ಕಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಅವ್ವನ ಮಳೆಗಳಿಗೂ ನನಗೂ ಹಳೆಯ ವ್ಯಾಜ್ಯವಿದೆ. ನನ್ನನ್ನು ಶಾಲೆಗೆ ಸೇರಿಸಲು ಕರೆದುಕೊಂಡು ಹೋದ ದಿನ ಹೆಡ್‌ಮಾಸ್ತರರು ಹುಟ್ಟಿದ ತಾರೀಖು ಕೇಳಿದರು. "ಹುಬ್ಬಿ ಮಳಿ ಹತ್ತಿದ ಎರಡನೇ ದಿನಾರೀ. ಎಮ್ಮಿ ಹಿಂಡೂ ಹೊತ್ತಿನ್ಯಾಗ," ಎಂದಳು ಅವ್ವ. ನಿಮಿಷದ ಲೆಕ್ಕಕ್ಕೆ ಹೇಳಿದ್ದಳು, ಪಾಪ. ಮಾಸ್ತರರು ತಲೆಯಾಡಿಸಿ, ಊರಿನ ಎಲ್ಲ ಮಕ್ಕಳಿಗೂ ಬರೆಯುತ್ತಿದ್ದ ಹಾಗೆ ಜೂನ್ ಒಂದು ಎಂದು ಬರೆದರು. ಅಂದಿನಿಂದ ನಾನು ಜೂನ್ ಒಂದರವಳು. ಪಾಸ್‌ಪೋರ್ಟಿನಲ್ಲೂ ಜೂನ್ ಒಂದು, ಗ್ರೀನ್ ಕಾರ್ಡಿನಲ್ಲೂ ಜೂನ್ ಒಂದು. ಮೊದಲ ಕೆಲಸದಲ್ಲಿ ನಮ್ಮ ಕಡೆಯವರೇ ಮೂವರು ಒಂದೇ ದಿನ ಹುಟ್ಟಿದ್ದನ್ನು ಕಂಡು ಅಮೆರಿಕನ್ ಮ್ಯಾನೇಜರಮ್ಮ ಬೆರಗಾಗಿ ಮೂವರಿಗೂ ಸೇರಿಸಿ ಒಂದು ಕೇಕ್ ತರಿಸಿದ್ದಳು. ನಾವು ಯಾರೂ ಬಾಯಿ ಬಿಡಲಿಲ್ಲ, ಕೇಕ್ ತಿಂದೆವು. ನಿಜವಾಗಿ ಲೆಕ್ಕ ಹಾಕಿದರೆ ನಾನು ಹುಟ್ಟಿದ್ದು ಸೆಪ್ಟೆಂಬರಿನ ಮೊದಲ ದಿನ, ಅಥವಾ ಅದರ ಹಿಂದುಮುಂದೆ.

ಇಂಥವಳಿಗೆ ಸಿಕ್ಕ ಕೆಲಸ ಏನು ಗೊತ್ತೇ? ತಾರೀಖು ನೋಡುವುದು. ಕ್ರ್ಯಾನ್‌ಬರಿಯಲ್ಲಿ ಒಂದು ಔಷಧ ಕಂಪನಿಯಲ್ಲಿ ನಾನು ದಾಖಲೆ ತಪಾಸಣೆ ಮಾಡುತ್ತೇನೆ. ಮಾತ್ರೆ ತಯಾರಿಸುವಾಗ ಯಾರು ಯಾವ ಹೊತ್ತಿಗೆ ಏನು ಮಾಡಿದರು ಎಂಬುದಕ್ಕೆಲ್ಲ ಸಹಿ ಮತ್ತು ತಾರೀಖು ಬೇಕು. ಅದಿಲ್ಲದಿದ್ದರೆ ಆ ಕೆಲಸ ನಡೆದೇ ಇಲ್ಲವೆಂದು ಲೆಕ್ಕ. ನಡೆದದ್ದನ್ನು ಬರೆಯಿರಿ, ನಡೆಯಬೇಕಾಗಿದ್ದುದನ್ನು ಬರೆಯಬೇಡಿ. ಹೊಸ ಹುಡುಗರಿಗೆ ನಾನು ಮೊದಲ ದಿನ ಹೇಳುವ ಮಾತು ಇದೇ. ಹತ್ತೊಂಬತ್ತು ವರ್ಷದಿಂದ ಹೇಳುತ್ತಿದ್ದೇನೆ. ಹೇಳುವಾಗ ಕನ್ನಡಕ ಮೂಗಿನ ತುದಿಗೆ ತಂದುಕೊಳ್ಳುತ್ತೇನಂತೆ, ಹುಡುಗರು ಹಿಂದಿನಿಂದ ನಗುತ್ತಾರೆ.

ಈಗ ಹೆದರಿಕೆಯ ಮಾತು. ಆ ಆಗಸ್ಟಿನಲ್ಲಿ ಒಂದು ಬೆಳಗ್ಗೆ ವಾಕಿಂಗಿಗೆ ಹೋದ ಅವ್ವ ಬೇರೆಯವರ ಮನೆಯ ಬಾಗಿಲು ತಟ್ಟಿ, "ಬಾಗಲಾ ತಗೀ ಬೇ," ಎಂದು ನಿಂತಿದ್ದಳು. ಆ ಮನೆಯವರೇ ಕರೆತಂದು ಬಿಟ್ಟರು. ಮಾನ್ಮತ್ ಜಂಕ್ಷನ್ನಿನ ನಮ್ಮ ಟೌನ್‌ಹೌಸುಗಳು ಎಲ್ಲ ಒಂದೇ ಅಚ್ಚು, ಬಂದ ಹೊಸದರಲ್ಲಿ ನಾನೇ ಎರಡು ಸಲ ನೆರೆಮನೆಯ ಬೀಗಕ್ಕೆ ಕೀಲಿ ಹಾಕಿ ತಿರುವಿದ್ದೆ. ಹಾಗೆಂದು ನಕ್ಕೆವು. ಆದರೆ ಅವ್ವ ನಗಲಿಲ್ಲ. ಆಮೇಲೆ ಒಲೆಯ ಮೇಲೆ ಬಾಣಲೆ ಕರಿಯಾಯಿತು. ಆಮೇಲೆ ಅಪ್ಪನಿಗೆ ಚಹಾ ಕೊಟ್ಟೆಯೇನು ಎಂದು ಒಮ್ಮೆ ಕೇಳಿ, ನನ್ನ ಮುಖ ನೋಡಿ ತಾನೇ ತಡಬಡಾಯಿಸಿ ಸುಮ್ಮನಾದಳು. ನಮ್ಮ ಡಾಕ್ಟರ್ ಒಂದು ಮೆಮರಿ ಟೆಸ್ಟ್ ಮಾಡಿಸಿ ಎಂದರು. ಗಂಡ ಗಿರೀಶನಿಗೆ ವಾರದಲ್ಲಿ ಮೂರು ದಿನ ನ್ಯೂಯಾರ್ಕಿಗೆ ಟ್ರೈನು, ನನಗೆ ದಿನವೂ ಆಫೀಸು. ಅವ್ವ ಹಗಲೆಲ್ಲ ಮನೆಯಲ್ಲಿ ಒಬ್ಬಳೇ. ಟೆಸ್ಟಿನಲ್ಲಿ ಏನಾದರೂ ಬಂದರೆ ಅವಳನ್ನು ಒಬ್ಬಳನ್ನೇ ಬಿಡುವಂತಿಲ್ಲ. ಅವಳಿಗೆ ಮನೆಯ ಕೀಲಿ, ಒಲೆ, ವಾಕಿಂಗು, ಮೂರೂ ತಪ್ಪುತ್ತವೆ. ಅವ್ವ ಒಂದೇ ಮಾತು ಹೇಳಿದಳು. "ನನ್ನ ಮಂದೀನ್ನೆಲ್ಲಾ ಬಿಟ್ಟಬಂದೀನಿ. ಈಗ ಒಲಿನೂ ಕಸಗೋಬ್ಯಾಡ."

ಅಕ್ಟೋಬರ್ ನಡುವಿನ ಒಂದು ಬೆಳಗ್ಗೆ ಟೆಸ್ಟು. ಹೊರಗೆ ಮರಗಳೆಲ್ಲ ಕೆಂಪಾಗಿದ್ದವು. ಟೆಸ್ಟ್ ಮಾಡುವ ಡಾಕ್ಟರು ನನ್ನ ವಯಸ್ಸಿನ ಹೆಂಗಸು, ಮೆತ್ತಗಿನ ಮಾತು. ಫೋನಿನಲ್ಲಿ ಕನ್ನಡ ಇಂಟರ್‌ಪ್ರಿಟರ್ ಸಿಗುತ್ತಾರೆ, ಅರ್ಧ ಗಂಟೆ ಕಾಯಬೇಕು ಎಂದರು. ನಾನೇ ಇದ್ದೀನಲ್ಲ ಎಂದೆ. ಅವರು ಒಂದು ಕಾಗದ ಮುಂದಿಟ್ಟರು. ರೋಗಿ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳುತ್ತೇನೆ, ಸೇರಿಸುವುದಿಲ್ಲ, ಬಿಡುವುದಿಲ್ಲ ಎಂಬ ಒಪ್ಪಿಗೆ. ಸಹಿ ಹಾಕಿ, ತಾರೀಖೂ ಹಾಕಿದೆ. ಅಂಥ ಕಾಗದಕ್ಕೆ ಸಹಿ ಹಾಕಿಸುವುದೇ ನನ್ನ ಹೊಟ್ಟೆಪಾಡು.

ಮೊದಮೊದಲು ಚೆನ್ನಾಗಿಯೇ ಹೋಯಿತು. ಮೂರು ಪದ ನೆನಪಿಟ್ಟುಕೊಳ್ಳಿ ಎಂದರು, ಅವ್ವ ಎರಡನ್ನು ಹೇಳಿದಳು. ಗಡಿಯಾರದ ಚಿತ್ರ ಬಿಡಿಸಿ ಎಂದರು. ಅವ್ವ ರೊಟ್ಟಿ ತಟ್ಟಿದಷ್ಟು ದುಂಡಗೆ ಬಿಡಿಸಿದಳು. ಆಮೇಲೆ, ಈಗ ಯಾವ ತಿಂಗಳು ಎಂದು ಕೇಳಿದರು.

ನಾನು ಕನ್ನಡದಲ್ಲಿ ಕೇಳಿದೆ. ಅವ್ವ ಡಾಕ್ಟರನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಗಟ್ಟಿಯಾಗಿ ಹೇಳಿದಳು. "ಮಘಿ ಮಳಿ. ಮಘಿ ನಡದೈತಿ."

ನಾನು ಡಾಕ್ಟರ ಕಡೆ ತಿರುಗಿ, "ಅಕ್ಟೋಬರ್," ಎಂದೆ.

ಒಂದು ಕ್ಷಣವೂ ತಡವರಿಸದೆ ಅದು ಬಾಯಿಂದ ಹೊರಬಿದ್ದಿತ್ತು. ಯಾವ ಋತು ಎಂದಾಗ ಅವ್ವ "ಮಳಿಗಾಲ" ಎಂದಳು, ನಾನು "ಫಾಲ್" ಎಂದೆ. ನಮ್ಮ ಕಡೆ ಅಕ್ಟೋಬರಿನಲ್ಲಿ ಮಳೆ ಇರುತ್ತದೆ, ಅದು ತಪ್ಪೇನಲ್ಲ ಎಂದು ಒಳಗೇ ಒಬ್ಬ ವಕೀಲೆ ಎದ್ದು ನಿಂತಿದ್ದಳು. ಡಾಕ್ಟರು ಬರೆದುಕೊಂಡರು. ಕೊನೆಗೆ ಅಂಕ ಕೂಡಿಸಿ, ಗಡಿಯ ಮೇಲಿದ್ದಾರೆ, ಸದ್ಯಕ್ಕೆ ಚಿಂತೆ ಬೇಡ, ಆರು ತಿಂಗಳ ಮೇಲೆ ನೋಡೋಣ ಎಂದರು. ಕಾರಿನಲ್ಲಿ ನಾನು ಒಂದೇ ಸಮನೆ ಮಾತಾಡಿದೆ. ಅವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. ಸಂಜೆ ಹೋಳಿಗೆ ಮಾಡಿದೆ, ಅವಳಿಗೆ ಪ್ರೀತಿಯೆಂದು. ಅರ್ಧ ತಿಂದು ಬಿಟ್ಟಳು.

ಆ ಶನಿವಾರ ತನ್ವಿ ಮನೆಗೆ ಬಂದಳು. ಅಜ್ಜಿಯ ಮಳೆಗಳ ಚಕ್ರ ಮುಗಿದಿತ್ತು. ಒಂದೊಂದು ಮಳೆಯ ಪಕ್ಕದಲ್ಲೂ ಪಂಚಾಂಗ ನೋಡಿ ಇಂಗ್ಲಿಷ್ ತಾರೀಖು ಬರೆದಿದ್ದಳು, ಏಕೆಂದರೆ ಈ ಮಳೆಗಳು ಸೂರ್ಯನ ಲೆಕ್ಕದವು, ವರ್ಷ ವರ್ಷವೂ ಹೆಚ್ಚುಕಡಿಮೆ ಅದೇ ದಿನಕ್ಕೆ ಬರುತ್ತವೆ. ನಾನು ಟೆಸ್ಟಿನ ಕಥೆಯನ್ನು ರಸವತ್ತಾಗಿ ಹೇಳುತ್ತಿದ್ದೆ. ನಿನ್ನ ಅಜ್ಜಿ ಮಘಿ ಮಳಿ ಅಂದರು, ನಾನು ಅಕ್ಟೋಬರ್ ಅಂದೆ, ಆ ಡಾಕ್ಟರಿಗೇನು ಗೊತ್ತು, ಎಂದು ನಗುತ್ತಿದ್ದೆ. ತನ್ವಿ ಚಕ್ರದ ಮೇಲೆ ಬೆರಳಿಟ್ಟಳು.

"ಅಮ್ಮ, ಮಘಿ ಈಸ್ ಆಗಸ್ಟ್. ಈಗ ಚಿತ್ತಿ."

ನಾನು ಎದ್ದು ಕಪ್ಪುಗಳನ್ನು ಸಿಂಕಿಗೆ ಹಾಕಿದೆ.

"ಅಕ್ಟೋಬರ್ ಅಂತ ಅಜ್ಜಿ ಹೇಳಿದ್ದಾ, ನೀನು ಹೇಳಿದ್ದಾ?"

ಮಘಿಯ ಬೆನ್ನಿಗೇ ಹುಬ್ಬಿ. ಹುಬ್ಬಿ ನಾನು ಹುಟ್ಟಿದ ಮಳೆ. ನನ್ನ ಮಳೆಯ ಹಿಂದಿನ ಮಳೆ ಅಕ್ಟೋಬರಿನಲ್ಲಿ ಹೇಗೆ ಬಂದೀತು? ಆ ಕುರ್ಚಿಯಲ್ಲಿ ಕೂತಾಗ ಇದು ನನಗೆ ಹೊಳೆದಿತ್ತೋ ಇಲ್ಲವೋ, ಪ್ರಾಮಾಣಿಕವಾಗಿ ಇಂದಿಗೂ ಹೇಳಲಾರೆ. ಅವ್ವ ಮಳೆಯ ಹೆಸರು ಹೇಳಿದಳು ಅಂದರೆ ಅದು ಸರಿಯಾಗಿಯೇ ಇರುತ್ತದೆ ಎಂದು ನಂಬಿದ್ದೆ ಅಂದುಕೊಳ್ಳುತ್ತೇನೆ. ಹಾಗೆ ನಂಬುವುದು ನನಗೆ ಬೇಕಿತ್ತು ಎಂಬುದಂತೂ ಖರೆ.

ಸಿಕ್ಕಿಬಿದ್ದವರು ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ, ವಾದಕ್ಕಿಳಿದೆ. ಫ್ರಿಜ್ಜಿನ ಮೇಲಿನ ಹೈಸ್ಲಾ ಚಕ್ರ ತೋರಿಸಿದೆ. ಮೀನು ಬಂದರೇ ತಿಂಗಳು ಎನ್ನುವವರೂ ಇದ್ದಾರಲ್ಲ, ಹಾಗೆಯೇ ಅಜ್ಜಿಗೆ ಮಳೆ ಬಂದರೇ ಮಳೆ. ಇಲ್ಲಿ ಹಸ್ತ ಬಿದ್ದಿತೇ? ಚಿತ್ತಿಯ ಗುಡುಗು ಕೇಳಿತೇ? ಏನೂ ಬೀಳದಿದ್ದರೆ ಅವಳು ಮಘಿಯಲ್ಲೇ ನಿಂತಿದ್ದರೆ ತಪ್ಪೇನು? ಇಲ್ಲಿಯ ತಿಂಗಳು ಬೇರೆ, ಅಲ್ಲಿಯದು ಬೇರೆ. ಮಾತಾಡುತ್ತ ಮಾತಾಡುತ್ತ ನನಗೇ ಅದು ಬಹಳ ಚೆಂದ ಕಂಡಿತು.

ತನ್ವಿ ಪೂರ್ತಿ ಕೇಳಿದಳು. ಆಮೇಲೆ ಬಹುಪಾಲು ಕನ್ನಡದಲ್ಲೇ ಹೇಳಿದಳು, ಅಪರೂಪಕ್ಕೆ. "ಅಮ್ಮ, ಹೈಸ್ಲಾ ಜನರನ್ನ ನಿನ್ನ ಎಕ್ಸ್‌ಕ್ಯೂಸ್ ಮಾಡ್ಕೋಬೇಡ. ಮೀನು ಬರೋ ದಿನ ತಪ್ಪಿಸಿಕೊಂಡ್ರೆ ಅವರಿಗೆ ವರ್ಷದ ಎಣ್ಣೆ ಇಲ್ಲ. ದೇ ನ್ಯೂ ಎಕ್ಸಾಕ್ಟ್ಲಿ ವಾಟ್ ಟೈಮ್ ಇಟ್ ವಾಸ್. ಅಜ್ಜಿನೂ ಹಾಗೇ ಇದ್ರು."

ಇದ್ರು ಎಂದಳು, ಇದ್ದಾರೆ ಎನ್ನಲಿಲ್ಲ. ನಾನು ಅವಳ ಮೇಲೆ ರೇಗಿದೆ. ನಾಲ್ಕು ಅಕ್ಷರ ಕಲಿತು ಅಜ್ಜಿಯ ತಲೆ ಅಳೆಯಲು ಬರಬೇಡ ಎಂದೆ. ಅವಳು ಬ್ಯಾಗ್ ತಗೊಂಡು ಭಾನುವಾರಕ್ಕೂ ಕಾಯದೆ ಕಾಲೇಜಿಗೆ ಹೋದಳು.

ಅಲ್ಲಿಂದ ಮುಂದಿನ ಎರಡು ವಾರ ನಾನು ಮನೆಯಲ್ಲಿ ಕಳ್ಳಿಯ ಹಾಗೆ ಬದುಕಿದೆ. ಬೆಳಗ್ಗೆ ಚಹಾ ಕೊಡುವಾಗ, ಏನೋ ಹಾಗೇ ಎಂಬಂತೆ, "ಇವತ್ತ ಯಾವ ಮಳಿ ಅವ್ವಾ?" ಎಂದು ಕೇಳುತ್ತಿದ್ದೆ. ಅವ್ವ ಕಪ್ಪಿನ ಮೇಲೆ ಊದುತ್ತ, "ನಿನಗ ಗೊತ್ತಿಲ್ಲೇನು?" ಎನ್ನುತ್ತಿದ್ದಳು. ಇನ್ನೊಂದು ದಿನ, "ಈ ದೇಶಕ್ಕ ಮಳಿ ಎಲ್ಲೈತವ್ವಾ," ಎಂದು ಜಾರಿದಳು. ಮತ್ತೊಂದು ದಿನ ಕ್ಯಾಲೆಂಡರ್ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ಫ್ಲೋರಲ್ ಪಾರ್ಕಿನ ನಮ್ಮವರ ಅಂಗಡಿಯಿಂದ ವರ್ಷಕ್ಕೊಮ್ಮೆ ತರುವ ಕ್ಯಾಲೆಂಡರದು. ಅದರಲ್ಲಿ ದೇವರಿದ್ದಾರೆ, ಹಬ್ಬಗಳಿವೆ, ಮಳೆಗಳಿಲ್ಲ. ನಾನು ಬಂದದ್ದು ನೋಡಿ ಅದನ್ನು ಧೂಳು ಒರೆಸುವವಳಂತೆ ಸೆರಗಿನಿಂದ ಒರೆಸಿ ಮತ್ತೆ ಗೋಡೆಗೆ ಹಾಕಿದಳು. ಅವಳು ನನ್ನಿಂದ ಬಚ್ಚಿಡುತ್ತಿದ್ದಳು, ನಾನು ಡಾಕ್ಟರಿಂದ ಬಚ್ಚಿಡುತ್ತಿದ್ದೆ. ಆಫೀಸಿನಲ್ಲಿ ಯಾರದೋ ಕಾಗದದಲ್ಲಿ ತಾರೀಖು ತಪ್ಪಿದ್ದನ್ನು ಹಿಡಿದು ಬೈಯುವಾಗ ಮಾತು ಅರ್ಧಕ್ಕೇ ನಿಂತುಹೋಗುತ್ತಿತ್ತು.

ನವೆಂಬರಿನ ಮೊದಲ ವಾರ, ಮಧ್ಯಾಹ್ನ ಎರಡರ ಸುಮಾರಿಗೆ ಪಕ್ಕದ ಮನೆಯ ಆಂಟಿಯ ಫೋನ್ ಬಂತು. ನಿಮ್ಮ ಮನೆಯ ಬಾಗಿಲು ತೆರೆದೇ ಇದೆ, ಕರೆದರೆ ಒಳಗೆ ಯಾರೂ ಓಗೊಡುತ್ತಿಲ್ಲ, ಅಡಿಗೆಮನೆಯಲ್ಲಿ ಒಲೆ ಉರಿಯುತ್ತಿತ್ತು, ಆರಿಸಿದ್ದೇನೆ ಎಂದರು. ಅವ್ವನ ಫೋನಿಗೆ ಮಾಡಿದೆ, ಅದು ಮನೆಯಲ್ಲೇ ಹೊಡೆದುಕೊಂಡಿತು, ಆಂಟಿಯೇ ಎತ್ತಿದರು. ಕಾರು ಹತ್ತಿದೆ. ಕ್ರ್ಯಾನ್‌ಬರಿಯ ಗೋದಾಮುಗಳ ರಸ್ತೆಯಲ್ಲಿ ಮುಂದೆ ಒಂದು ಟ್ರಕ್ಕು, ಅದರ ಮುಂದೆ ಇನ್ನೊಂದು. ಓವರ್‌ಟೇಕ್ ಮಾಡುವ ಹಾಗಿಲ್ಲ. ನಾನು ಜೋರಾಗಿ ಅಳುತ್ತಿದ್ದೆ, ಅಳುತ್ತಲೇ ಆ ಟ್ರಕ್ಕಿನವನಿಗೆ ಗದಗಿನ ಬೈಗುಳವನ್ನೆಲ್ಲ ಬೈದೆ. ಹೊರಗೆ ಚಳಿಗಾಳಿ, ಅವ್ವ ಸ್ವೆಟರ್ ಹಾಕಿಕೊಂಡಳೋ ಇಲ್ಲವೋ. ನಮ್ಮ ಕಾಲೊನಿಯ ಹಿಂದೆ ಕೆರೆಯಿದೆ, ಆಳವಾದ ಕೆರೆ. ನಾನು ಅಕ್ಟೋಬರ್ ಎನ್ನದೆ ಇದ್ದಿದ್ದರೆ ಇವತ್ತು ಅವಳ ಜೊತೆ ಯಾರಾದರೂ ಇರುತ್ತಿದ್ದರು. ಆ ಹದಿನೈದು ನಿಮಿಷ ತಲೆಯಲ್ಲಿ ಓಡಿದ್ದು ಅದೊಂದೇ.

ಕೆರೆಯ ದಂಡೆಯಲ್ಲೇ ಇದ್ದಳು. ನೀರಿಗೆ ಬೆನ್ನು ಮಾಡಿ ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಹುಲ್ಲುಹಾಸು ಕಿತ್ತುಹೋದ ಕಡೆಯ ಮಣ್ಣನ್ನು ಹಿಡಿಯಲ್ಲಿ ತೆಗೆದುಕೊಂಡು ಹಿಸುಕಿ ನೋಡುತ್ತಿದ್ದಳು. ಕಾಲಲ್ಲಿ ಮನೆಯೊಳಗಿನ ಚಪ್ಪಲಿ. ಮೈಮೇಲೆ ಸ್ವೆಟರ್ ಇರಲಿಲ್ಲ. ನಾನು ನನ್ನ ಕೋಟು ಹೊದಿಸಿ ಪಕ್ಕದಲ್ಲಿ ಕುಸಿದೆ. 

"ಹದ ಬಂದೈತೇನು ನೋಡಾಕ ಬಂದೆ," ಎಂದಳು ಅವ್ವ. "ಮಣ್ಣ ಮುಟ್ಟಿದ್ರ ಗೊತ್ತಾಗ್ತೈತಿ ಅಂತ ತಿಳಿದೆ. ಯಾವ ಮಳಿ ನಡದೈತಿ ಅಂತ."

"ಗೊತ್ತಾತೇನು?"

ಅವ್ವ ಕೈಯ ಮಣ್ಣು ಕೊಡವಿದಳು. "ಎಣಿಸಿಕೋತ ಬಂದಿದ್ದೆ ನೋಡು. ನಾಕ ವರ್ಷ, ದಿನಾ ಮುಂಜಾನೆ ಎದ್ದ ಕೂಡ್ಲೆ. ಇವತ್ತ ಉತ್ತರಿ ಮೂರನೇ ದಿನ, ಇವತ್ತ ನಾಕನೇ ದಿನ, ಅಂತ. ಇಲ್ಲಿ ಕೇಳಾಕ ಯಾರದಾರ? ನಾನಽ ಎಣಿಸಬೇಕು. ಈ ವರ್ಷ ಎಲ್ಲೋ ಕೈ ತಪ್ಪಿತು. ಹೆಸರು ಎಲ್ಲಾ ಅದಾವು. ಯಾವುದರಾಗ ನಿಂತೀನಿ ಅಂತ ಗೊತ್ತಾಗವಲ್ದು."

ಅವಳ ಬೆರಳ ಸಂದಿಯ ಮಣ್ಣು ಒರೆಸಿದೆ. ಅವಳೇ ಕೇಳಿದಳು. "ಅವತ್ತ ದವಾಖಾನ್ಯಾಗ ನಾ ತಪ್ಪ ಹೇಳಿದ್ನಲ್ಲಾ?"

"ಹೌದವ್ವಾ."

"ನೀ ಸರಿ ಮಾಡಿ ಹೇಳಿದಿ."

"ಹೌದು."

"ನನಗ ಇಂಗ್ಲಿಷ್ ಬರಾಂಗಿಲ್ಲ. ಆದ್ರ ಅಕ್ಟೋಬರ್ ಅನ್ನೂದ ತಿಳೀತೈತಿ," ಎಂದಳು. "ನಾ ಹೆದರಿಕೊಂಡ ಕುಂತಿದ್ದೆ. ನೀ ಸುಳ್ಳ ಹೇಳಿದ ಮ್ಯಾಲ ಜಾಸ್ತಿ ಹೆದರಿಕಿ ಆತು. ಇಕಿನೂ ಹೆದರ್ಯಾಳ ಅಂದ್ರ ಇದು ದೊಡ್ಡದಽ ಇರಬೇಕು ಅಂತ."

ಅಷ್ಟು ದಿನ ಅವಳನ್ನು ಕಾಪಾಡಿದೆ ಎಂದುಕೊಂಡಿದ್ದವಳಿಗೆ ಅದಕ್ಕಿಂತ ನೆಟ್ಟಗೆ ಬೀಳುವ ಪೆಟ್ಟು ಇನ್ನೊಂದಿರಲಿಲ್ಲ. ಹೋಳಿಗೆ ಯಾಕೆ ಅರ್ಧಕ್ಕೆ ಬಿಟ್ಟಳೆಂದು ಆಗ ತಿಳಿಯಿತು. ಇಬ್ಬರೂ ಎದ್ದು ಮನೆಗೆ ಬಂದೆವು. ಅವಳ ಕೈ ಹಿಡಿದುಕೊಂಡಿದ್ದೆ, ಸಣ್ಣವಳಿದ್ದಾಗ ಸಂತೆಯಲ್ಲಿ ಅವಳು ನನ್ನ ಕೈ ಹಿಡಿಯುತ್ತಿದ್ದಷ್ಟೇ ಬಿಗಿಯಾಗಿ.

ನಮ್ಮ ಕೆಲಸದಲ್ಲಿ ತಪ್ಪು ತಿದ್ದುವುದಕ್ಕೆ ಒಂದು ಕ್ರಮವಿದೆ. ಬಿಳಿ ಬಣ್ಣ ಬಳಿದು ಮುಚ್ಚುವಂತಿಲ್ಲ, ಗೀಚಿ ಕಪ್ಪು ಮಾಡುವಂತಿಲ್ಲ. ತಪ್ಪಿನ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ಕೆಳಗಿನದು ಓದಲು ಬರುವಂತಿರಬೇಕು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಬೇಕು. ಮಾರನೆಯ ದಿನ ಬೆಳಗ್ಗೆ ನಾನು ಡಾಕ್ಟರ ಆಫೀಸಿಗೆ ಒಂದು ಪತ್ರ ಬರೆದೆ. ನನ್ನ ತಾಯಿ ಹೇಳಿದ್ದು ಅಕ್ಟೋಬರ್ ಅಲ್ಲ, ಆಗಸ್ಟಿನ ಕೊನೆಗೆ ಬರುವ ಒಂದು ಮಳೆಯ ಹೆಸರು, ಅದನ್ನು ಬದಲಾಯಿಸಿದವಳು ನಾನು ಎಂದು ಬರೆದೆ. ಯಾಕೆ ಎಂಬುದಕ್ಕೆ ಎರಡು ವಾಕ್ಯ ಬರೆದು ಎರಡನ್ನೂ ಹೊಡೆದು ಹಾಕಿದೆ. ಅಳಿಸಲಿಲ್ಲ, ಒಂದೊಂದು ಗೆರೆ ಎಳೆದೆ. ಆಮೇಲೆ ತನ್ವಿಗೆ ಫೋನ್ ಮಾಡಿದೆ. ಅವಳು ಎತ್ತಿದಳು, ನಾನು ಪೂರ್ತಿ ಹೇಳುವ ಮೊದಲೇ, "ಐ ನೋ ಅಮ್ಮ, ನಾನು ಬರ್ತೀನಿ," ಎಂದಳು. ಅವಳ ಮೇಲೆ ರೇಗಿದ್ದಕ್ಕೆ ತಪ್ಪಾಯಿತು ಎನ್ನುವುದು ಬಾಯಲ್ಲೇ ಉಳಿಯಿತು. ಬಂದಾಗ ಹೇಳಿದೆ.

ಡಾಕ್ಟರು ಮತ್ತೆ ಕರೆದದ್ದು ನವೆಂಬರ್ ನಡುವಿನಲ್ಲಿ. ಈ ಸಲ ಫೋನಿನಲ್ಲಿ ಇಂಟರ್‌ಪ್ರಿಟರ್ ಮೊದಲೇ ಸಿದ್ಧವಿದ್ದರು, ಮೈಸೂರು ಕಡೆಯ ಹೆಂಗಸು, ತಿಳಿಯಾದ ಕನ್ನಡ. ಅವರು "ನಮಸ್ಕಾರ ಅಮ್ಮಾ, ಹೇಗಿದ್ದೀರಿ?" ಎಂದರು. ಅವ್ವ ಫೋನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು.

"ಇದ್ರಾಗಿನ ಬಾಯಿ ಬ್ಯಾಡ. ನನ್ನ ಮಗಳಽ ಹೇಳಲಿ," ಎಂದಳು. "ಈ ಸಲ ಖರೆ ಹೇಳ್ತಾಳ."

ಅದನ್ನೂ ನಾನೇ ಇಂಗ್ಲಿಷಿಗೆ ಹೇಳಬೇಕಾಯಿತು. ಈ ಸಲ ಖರೆ ಹೇಳುತ್ತಾಳೆ ಎಂಬುದನ್ನೂ ಬಿಡದೆ ಹೇಳಿದೆ. ಡಾಕ್ಟರು ಒಂದು ಕ್ಷಣ ಯೋಚಿಸಿ, ಫೋನಿನವರು ಕೇಳಿಸಿಕೊಳ್ಳುತ್ತಿರಲಿ, ಮಾತು ನಿಮ್ಮ ಬಾಯಿಂದಲೇ ಬರಲಿ ಎಂದರು. ತನ್ವಿ ಹೊರಗೆ ಕೂತಿದ್ದಳು. ನಾನು ಈ ಸಲ ಕುರ್ಚಿಯನ್ನು ಅವ್ವನ ಪಕ್ಕಕ್ಕೆ ಹಾಕಿಕೊಂಡಿದ್ದೆ, ನನ್ನ ಮುಖ ಅವಳಿಗೆ ಕಾಣದ ಹಾಗೆ.

ಹೆಸರು ಕೇಳಿದರು. ಊರು ಕೇಳಿದರು. ಆಮೇಲೆ ಯಾವ ತಿಂಗಳು ಎಂದು ಕೇಳಿದರು.

ನಾನು ಕನ್ನಡದಲ್ಲಿ ಕೇಳಿದೆ. ಅವ್ವ ಕಿಟಕಿಯ ಹೊರಗೆ ನೋಡಿದಳು. ಎಲೆಯೆಲ್ಲ ಉದುರಿ ಮರಗಳು ಬರಿಯವಾಗಿದ್ದವು. ಅವಳ ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದಳು. ನನಗೆ ಉತ್ತರ ಗೊತ್ತಿತ್ತು, ಗಂಟಲಿನವರೆಗೂ ಬಂದಿತ್ತು. ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡೆ. ಅವ್ವನ ತುಟಿ ನಿಂತಿತು.

"ಗೊತ್ತಾಗವಲ್ದು," ಎಂದಳು.

"ಶಿ ಡಸಂಟ್ ನೋ," ಎಂದೆ.

ಡಾಕ್ಟರು ಬರೆದುಕೊಂಡರು. ಪೆನ್ನಿನ ಸದ್ದು ಮುಗಿಯುವವರೆಗೆ ಅವ್ವ ಕಾದಳು.

"ಹೇಳಿದೇನು?"

"ಹೇಳಿದೆ."

"ನಾ ಅಂದಂಗಽ?"

"ನೀ ಅಂದಂಗಽ ಅವ್ವಾ."

ಅವಳು ನನ್ನ ಕಡೆ ತಿರುಗಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, ಸೆರಗನ್ನು ಹೆಗಲ ಮೇಲೆ ಸರಿಯಾಗಿ ಎಳೆದುಕೊಂಡಳು.

"ಹಂಗಾರ ಮುಂದಿಂದು ಕೇಳಂತ ಹೇಳು," ಎಂದಳು.